ಡಬ್ಲಿನ್ ಬಿಟ್ಟ ಮೇಲೆ ಫಾಂಟೇನ್ಸ್ ಡಿ.ಸಿ. ಸೌಂಡ್ ಯಾಕೆ ಹಿಂಗಾಯ್ತು

ಫಾಂಟೇನ್ಸ್ ಡಿ.ಸಿ. ಬ್ಯಾಂಡಿನ ಸ್ಟಾರ್‌ಬರ್ಸ್ಟರ್ ಅನ್ನೋ ಹಾಡಲ್ಲಿ ಒಂದು ಉಸಿರು ಬರುತ್ತೆ. ಮಾತಲ್ಲ, ರಾಗಾನೂ ಅಲ್ಲ, ಬಾವೀಲಿ ಮುಳುಗಿದೋನು ಮೇಲಕ್ಕೆದ್ದು ಬಾಯ್ಬಿಟ್ಟು ಗಾಳಿ ಎಳ್ಕೊಳ್ತಾನಲ್ಲ, ಆ ಥರದ ಉಸಿರು. ಹಾಡೋನು ಎಡಬಿಡದೆ ಒಂದರ ಹಿಂದೊಂದು ಸಾಲು ಹೇಳ್ಕೊಂಡು ಹೋಗ್ತಾ ಇರ್ತಾನೆ, ಇನ್ನೇನು ಪಲ್ಲವಿ ಬಂತು ಅಂದ್ಕೊಳ್ಳೋ ಜಾಗದಲ್ಲಿ ಈ ಉಸಿರು ಬಂದು ಎದೆಗೆ ಗುದ್ದುತ್ತೆ. ನಾನು ಇದನ್ನ ಮೊದಲು ಕೇಳಿದ್ದು ತುಮಕೂರಿಂದ ಯಶವಂತಪುರಕ್ಕೆ ಹೋಗೋ ಬೆಳಗಿನ ಟ್ರೈನಲ್ಲಿ. ಕ್ಯಾತ್ಸಂದ್ರ ದಾಟಿತ್ತು, ಸೀಟ್ ಇರಲಿಲ್ಲ, ಬಾಗಿಲ ಪಕ್ಕ ಬ್ಯಾಗ್ ಎದೆಗೆ ಅವುಚ್ಕೊಂಡು ನಿಂತಿದ್ದೆ, ಹಿಂದೆ ಮುಂದೆ ಜನ. ಆ ಉಸಿರು ಕಿವೀಲಿ ಬಂದಾಗ ನನಗೇ ಗೊತ್ತಿಲ್ದಂಗೆ ನಾನೂ ಉಸಿರೆಳ್ಕೊಂಡೆ. ಆಮೇಲೆ ಗೊತ್ತಾಯ್ತು, ಆ ಹಾಡು ಹುಟ್ಟಿದ್ದೇ ಒಂದು ರೈಲ್ವೆ ಸ್ಟೇಷನ್ನಲ್ಲಂತೆ, ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಲ್ಲಿ ಹಾಡುಗಾರನಿಗೆ ಪ್ಯಾನಿಕ್ ಅಟ್ಯಾಕ್ ಆಗಿದ್ದರಿಂದ.

ಈ ಹಾಡು ಇರೋ ರೊಮ್ಯಾನ್ಸ್ ಅನ್ನೋ 2024ರ ಆಲ್ಬಂ ಬಗ್ಗೆ ನಮ್ಮ ಗುಂಪಲ್ಲಿ ಶುರುವಾದ ಜಗಳ ಇನ್ನೂ ಮುಗ್ದಿಲ್ಲ. ಭಾನುವಾರ ತುಮಕೂರಿನ ಎಸ್‌ಐಟಿ ಕಾಲೇಜ್ ಹಿಂದಗಡೆ ಒಬ್ಬ ಗೆಳೆಯನ ರೂಮಲ್ಲಿ ನಾಲ್ಕು ಜನ ಸೇರ್ತೀವಿ, ಎರಡು ಗಿಟಾರು, ಒಂದು ಬೇಸು, ಒಂದು ಹಳೇ ಡ್ರಮ್ ಸೆಟ್ಟು. ಡ್ರಮ್ಸ್ ನುಡಿಸೋನಿಗೆ ಈ ಬ್ಯಾಂಡ್ ಅಂದ್ರೆ ಪ್ರಾಣ, ಅದಕ್ಕೇ ಅವನಿಗೆ ಸಿಟ್ಟು ಜಾಸ್ತಿ. "ಊರು ಬಿಟ್ರು ಕಣೋ, ಊರಿನ ಜೊತೆ ಸೌಂಡೂ ಬಿಟ್ರು, ಈಗ ಎಲ್ಲಾರ ಥರಾನೇ ಆಗೋದ್ರು" ಅಂತಾನೆ. ಅವನ ಮಾತನ್ನ ನಾನು ಹಗುರವಾಗಿ ತಗೊಳ್ಳಲ್ಲ, ಯಾಕಂದ್ರೆ ಅವನು ಹೇಳ್ತಿರೋದ್ರಲ್ಲಿ ಅರ್ಧ ಕಿವಿಗೆ ಕೇಳಿಸೋ ಸತ್ಯ ಇದೆ. ಇನ್ನರ್ಧ ಮಾತ್ರ ತಪ್ಪು ಅನ್ನೋದು ನನ್ನ ವಾದ, ಅದನ್ನ ಹೇಳೋಕೆ ಮೊದಲಿಂದ ಬರಬೇಕು.

ಗೊತ್ತಿಲ್ದೋರಿಗೆ: ಫಾಂಟೇನ್ಸ್ ಡಿ.ಸಿ. ಐದು ಜನರ ಐರಿಷ್ ಬ್ಯಾಂಡು. ಹಾಡೋನು ಗ್ರೀಯನ್ ಚಾಟನ್, ಗಿಟಾರಿಗೆ ಕಾರ್ಲೋಸ್ ಓಕಾನೆಲ್ ಮತ್ತು ಕಾನರ್ ಕರ್ಲಿ, ಬೇಸ್‌ಗೆ ಕಾನರ್ ಡೀಗನ್, ಡ್ರಮ್ಸ್‌ಗೆ ಟಾಮ್ ಕಾಲ್. ಡಬ್ಲಿನ್ನಿನ ಬಿಮ್ ಅನ್ನೋ ಮ್ಯೂಸಿಕ್ ಕಾಲೇಜಲ್ಲಿ ಪರಿಚಯ ಆದೋರು, ಬ್ಯಾಂಡ್‌ಗಿಂತ ಮುಂಚೆ ಒಟ್ಟಿಗೆ ಪದ್ಯ ಬರೀತಿದ್ದೋರು, ಪದ್ಯದ ಸಣ್ಣ ಪುಸ್ತಕಾನೂ ಮಾಡಿದ್ರು. ಹೆಸರಲ್ಲಿರೋ ಡಿ.ಸಿ. ಅಂದ್ರೆ ಡಬ್ಲಿನ್ ಸಿಟಿ. ಹಂಗಂತ ಹೆಸರಲ್ಲೇ ಊರು ಇಟ್ಕೊಂಡಿರೋ ಇವರೆಲ್ಲ ಡಬ್ಲಿನ್ನಿನ ಒಳಗೇ ಹುಟ್ಟಿ ಬೆಳೆದೋರು ಅಂದ್ಕೋಬೇಡಿ. ಚಾಟನ್ ಬೆಳೆದಿದ್ದು ಡಬ್ಲಿನ್ನಿನ ಉತ್ತರಕ್ಕೆ ಸಮುದ್ರದ ಪಕ್ಕ ಇರೋ ಸ್ಕೆರೀಸ್ ಅನ್ನೋ ಸಣ್ಣ ಊರಲ್ಲಿ, ಡೀಗನ್ನೂ ಕಾಲೂ ಪಶ್ಚಿಮದ ಮೇಯೋ ಕಡೆಯೋರು, ಕರ್ಲಿ ಮೊನಹಾನ್ ಕಡೆಯೋನು, ಓಕಾನೆಲ್ ಬಂದಿದ್ದು ಸ್ಪೇನಿನ ಮ್ಯಾಡ್ರಿಡ್‌ನಿಂದ. ಪಾವಗಡದಿಂದ, ಸಿರಾದಿಂದ, ಮಧುಗಿರಿಯಿಂದ ತುಮಕೂರಿಗೆ ಓದೋಕೆ ಬಂದು ಇಲ್ಲೇ ರೂಮ್ ಮಾಡೋ ಹುಡುಗರು ಇರ್ತಾರಲ್ಲ, ಆ ಲೆಕ್ಕ. ಆ ಹುಡುಗರಿಗೆ ಗುಬ್ಬಿ ಗೇಟಿಂದ ಟೌನ್‌ಹಾಲ್ ಸರ್ಕಲ್ ತನಕ ನಡ್ಕೊಂಡು ಹೋಗೋದೇ ಒಂದು ಸಂಭ್ರಮ, ಇಲ್ಲೇ ಹುಟ್ಟಿದ ನಮಗೆ ಕಣ್ಣಿಗೆ ಬೀಳದೇ ಇರೋದು ಅವರಿಗೆ ಬೀಳುತ್ತೆ. ಡಬ್ಲಿನ್ ಬಗ್ಗೆ ಅಷ್ಟು ತೀವ್ರವಾಗಿ ಹಾಡಿದೋರು ಡಬ್ಲಿನ್ನಿಗೆ ಹೊರಗಿಂದ ಬಂದೋರು ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

2019ರ ಏಪ್ರಿಲಲ್ಲಿ ಬಂದ ಡಾಗರೆಲ್ ಅವರ ಮೊದಲ ಆಲ್ಬಂ, 11 ಹಾಡು. ಶೈಲಿಗೆ ಪೋಸ್ಟ್ ಪಂಕ್ ಅಂತಾರೆ, ಅಂದ್ರೆ 1970ರ ದಶಕದ ಕೊನೇಲಿ ಬ್ರಿಟನ್ನಲ್ಲಿ ಪಂಕ್ ಅನ್ನೋ ಒರಟು ರಾಕ್ ಸಂಗೀತದ ಅಲೆ ಎದ್ದ ಮೇಲೆ ಬಂದ ಸಂಗೀತದ ದಾರಿ, ಅದರಲ್ಲಿ ಬೇಸ್ ಗಿಟಾರ್ ಹಿಂದೆ ನಿಲ್ಲದೇ ಮುಂದೆ ಬಂದು ಹಾಡನ್ನ ಎಳ್ಕೊಂಡು ಹೋಗುತ್ತೆ, ಗಿಟಾರು ಸೋಲೋ ಬಿಟ್ಟು ತಗಡು ಕೆರೆದಂಗೆ ಒಂದೇ ಗೀರು ಗೀರುತ್ತೆ, ಹಾಡೋನು ಹಾಡೂ ಅಲ್ಲ ಮಾತೂ ಅಲ್ಲ ಅನ್ನೋ ಥರ ಹೇಳ್ತಾನೆ. ನಮ್ಮ ಕಡೆ ಮೂಡಲಪಾಯ ನೋಡಿದೋರಿಗೆ ಇದು ಹೊಸದೇನಲ್ಲ, ಪಾತ್ರಧಾರಿ ಆರ್ಭಟ ಮಾಡ್ತಾ ಮಾತು ಹೇಳ್ತಾ ಹೇಳ್ತಾ ಯಾವಾಗ ಪದಕ್ಕೆ ಜಾರಿದ ಅಂತ ಗೊತ್ತಾಗಲ್ಲ, ಅಲ್ಲಿ ಸ್ವರಕ್ಕಿಂತ ಹೇಳೋ ಒತ್ತು ಮುಖ್ಯ. ಚಾಟನ್ ಆ ಒತ್ತನ್ನ ಡಬ್ಲಿನ್ ಉಚ್ಚಾರಣೇಲೇ ಹಾಕ್ದ. ಅಮೆರಿಕದ ಇಂಗ್ಲಿಷ್ ಥರ ಬಾಯಿ ತಿರುಗಿಸಿ ಹಾಡೋದು ಅಷ್ಟೊತ್ತಿಗೆ ಎಲ್ಲಾ ಕಡೆ ರೂಢಿ ಆಗಿಹೋಗಿತ್ತು, ಇವನು ಅದನ್ನ ಒಪ್ಪಲಿಲ್ಲ. ಬೀದಿ ಹೆಸರು, ಪಬ್ಬು, ಟ್ಯಾಕ್ಸಿ ಡ್ರೈವರ್ರು, ಮಳೆ, ಬಾಡಿಗೆ ಜಾಸ್ತಿ ಆಗಿ ಹಳೇ ಜನ ಬಿಟ್ಟು ಹೋಗ್ತಿರೋ ಲಿಬರ್ಟೀಸ್ ಅನ್ನೋ ಏರಿಯಾ, ಎಲ್ಲ ಹಾಡಲ್ಲಿ ಬಂತು.

ಆ ಆಲ್ಬಂ ಸೌಂಡ್ ಹಂಗಿರೋಕೆ ರೆಕಾರ್ಡಿಂಗ್ ಮಾಡಿದ ರೀತೀನೂ ಕಾರಣ. ಪ್ರೊಡ್ಯೂಸರ್ ಡ್ಯಾನ್ ಕೇರಿ. ಸೌತ್ ಲಂಡನ್ನಿನ ಸ್ಟ್ರೆಥಮ್‌ನಲ್ಲಿ ಅವನ ಸ್ಟುಡಿಯೋ, ಸ್ಪೀಡಿ ವಂಡರ್‌ಗ್ರೌಂಡ್ ಅಂತ ಅವನದೇ ಒಂದು ಲೇಬಲ್, ಅಂದ್ರೆ ಹಾಡು ಹೊರತರೋ ಕಂಪನಿ ಇದೆ, ಅದರಲ್ಲಿ ಒಂದು ಹಾಡನ್ನ ಒಂದೇ ದಿನದಲ್ಲಿ ರೆಕಾರ್ಡ್ ಮಾಡಬೇಕು ಅನ್ನೋ ನಿಯಮ. ಡಾಗರೆಲ್‌ನ ಐದೂ ಜನ ಒಟ್ಟಿಗೆ ನುಡಿಸಿ ಟೇಪ್ ಮೇಲೆ ಹಿಡಿದ್ರು. ಒಟ್ಟಿಗೆ ನುಡಿಸಿದಾಗ ಏನಾಗುತ್ತೆ ಅಂದ್ರೆ ಡ್ರಮ್ಸ್ ಸದ್ದು ಹಾಡೋನ ಮೈಕಿಗೆ ಸೋರುತ್ತೆ, ಗಿಟಾರ್ ಸದ್ದು ಡ್ರಮ್ಸ್ ಮೈಕಿಗೆ ಸೋರುತ್ತೆ, ಆಮೇಲೆ ಒಂದನ್ನ ಮಾತ್ರ ಎತ್ತಿ ಸರಿ ಮಾಡ್ತೀನಿ ಅಂದ್ರೆ ಆಗಲ್ಲ. ನಾವು ರೂಮಲ್ಲಿ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದಾಗ್ಲೂ ಇದೇ, ಸಿಂಬಲ್, ಅಂದ್ರೆ ಡ್ರಮ್ ಸೆಟ್ಟಿನ ಲೋಹದ ತಟ್ಟೆ, ಅದರ ಸದ್ದಿನ ಮುಂದೆ ಮಿಕ್ಕಿದ್ದೆಲ್ಲ ಮುಳುಗಿಹೋಗುತ್ತೆ. ಆದ್ರೆ ಕೈ ತಿಳಿದೋರು ಮಾಡಿದ್ರೆ ಆ ಸೋರಿಕೇನೇ ಹಾಡಿಗೆ ಒಂದು ಗೋಡೆ, ಒಂದು ಮೇಲ್ಛಾವಣಿ ಕೊಡುತ್ತೆ, ಕೇಳೋರಿಗೆ ಆ ರೂಮಿನೊಳಗೇ ನಿಂತಂಗಾಗುತ್ತೆ. ಶನಿವಾರದ ಭಜನೆಗೆ ಒಂದೇ ಮೈಕ್ ಇಟ್ಟಾಗ ತಾಳ, ಹಾರ್ಮೋನಿಯಂ, ಹಿಂದಿನ ಸಾಲಿನ ಅಜ್ಜನ ದನಿ ಎಲ್ಲಾ ಒಂದಾಗಿ ಬರುತ್ತಲ್ಲ, ಅದು.

ಡ್ರಮ್ಸ್ ಗೆಳೆಯ ಪ್ರೀತಿಸಿದ್ದು ಈ ರೂಮನ್ನ, ಅವನ ಸಿಟ್ಟಿಗೆ ಮೂಲಾನೂ ಅದೇ.

ಎರಡನೇದು ಎ ಹೀರೋಸ್ ಡೆತ್, 2020ರ ಜುಲೈ 31. ಮೊದಲ ಆಲ್ಬಂಗೆ ಮರ್ಕ್ಯುರಿ ಪ್ರೈಜ್ ಅನ್ನೋ ಬ್ರಿಟನ್ನಿನ ದೊಡ್ಡ ಆಲ್ಬಂ ಪ್ರಶಸ್ತಿಗೆ ನಾಮಿನೇಷನ್ ಸಿಕ್ಕಿ, ಊರೂರು ಸುತ್ತಿ ಸುಸ್ತಾಗಿ ಮಾಡಿದ್ದು. ಡಬ್ಲಿನ್ ಅಲ್ಲಿಂದಲೇ ಮಸುಕಾಗೋಕೆ ಶುರು, ಸಾಲುಗಳು ಮಂತ್ರದ ಥರ ಸುತ್ತಿ ಸುತ್ತಿ ಬರ್ತವೆ, ಬಸ್ಸಲ್ಲಿ ಹೋಟೆಲಲ್ಲಿ ಬದುಕೋನ ತಲೇಲಿ ಒಂದೇ ಮಾತು ಸುತ್ತೋ ಹಂಗೆ. ಜನ ಇದನ್ನ ಮರೀತಾರೆ, ಬದಲಾವಣೆ 2024ರಲ್ಲಿ ಏಕ್‌ದಂ ಆಗಿದ್ದಲ್ಲ.

ಮೂರನೇದು ಸ್ಕಿಂಟಿ ಫಿಯಾ, 2022ರ ಏಪ್ರಿಲ್ 22. ನನ್ನ ಪ್ರಕಾರ ಈ ಬ್ಯಾಂಡನ್ನ ಅರ್ಥ ಮಾಡ್ಕೊಳ್ಳೋಕೆ ಬಾಗಿಲು ಇದೇ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ. ಅಷ್ಟೊತ್ತಿಗೆ ಬ್ಯಾಂಡಿನ ಹೆಚ್ಚಿನೋರು ಲಂಡನ್ನಿಗೆ ಹೋಗಿ ನೆಲೆಸಿದ್ರು. ಸ್ಕಿಂಟಿ ಫಿಯಾ ಅನ್ನೋದು ಡ್ರಮ್ಮರ್ ಮನೆಯ ಒಬ್ಬ ಹಿರಿಯಜ್ಜಿ ಬೇಜಾರಾದಾಗ ಹೇಳ್ತಿದ್ದ ಐರಿಷ್ ಬೈಗುಳ, ಜಿಂಕೆ ಹಾಳಾಗಿ ಹೋಗ್ಲಿ ಅನ್ನೋ ಥರ. ಆಲ್ಬಂ ಕವರ್ ಮೇಲೆ ಮನೆಯೊಳಗೆ ಸಿಕ್ಕಾಕ್ಕೊಂಡ ಜಿಂಕೆ. ಮೊದಲ ಹಾಡಿನ ಹೆಸರೇ ಐರಿಷ್ ಭಾಷೇಲಿದೆ, ನಮ್ಮ ಹೃದಯದಲ್ಲಿ ಎಂದೆಂದಿಗೂ ಅಂತ ಅರ್ಥ. ಅದರ ಹಿಂದೆ ಒಂದು ನಿಜವಾದ ಪ್ರಸಂಗ ಇದೆ. ಇಂಗ್ಲೆಂಡಿನ ಕವೆಂಟ್ರೀಲಿ ಬಹಳ ವರ್ಷ ಬದುಕಿ ತೀರ್ಕೊಂಡ ಒಬ್ಬ ಐರಿಷ್ ತಾಯಿಯ ಸಮಾಧಿ ಕಲ್ಲಿನ ಮೇಲೆ ಈ ಮಾತನ್ನ ಐರಿಷ್‌ನಲ್ಲಿ ಕೆತ್ತಿಸ್ತೀವಿ ಅಂತ ಮನೆಯೋರು ಕೇಳಿದ್ರು. 2020ರಲ್ಲಿ ಚರ್ಚಿನ ನ್ಯಾಯಾಲಯ ಆಗಲ್ಲ ಅಂತು, ಇಂಗ್ಲಿಷ್ ಅನುವಾದ ಪಕ್ಕದಲ್ಲಿ ಇಲ್ದೇ ಇದ್ರೆ ಓದೋರು ಇದನ್ನ ರಾಜಕೀಯ ಘೋಷಣೆ ಅಂದ್ಕೋಬಹುದು ಅನ್ನೋ ಕಾರಣ ಕೊಟ್ಟು. ಅಮ್ಮನ ಸಮಾಧಿ ಮೇಲೆ ಅಮ್ಮನ ಭಾಷೇಲಿ ಐದು ಪದ! ಮನೆಯೋರು ಬಿಡದೆ ಮೇಲ್ಮನವಿ ಹೋದ್ರು, 2021ರಲ್ಲಿ ಆ ತೀರ್ಪು ಬಿದ್ದೋಯ್ತು, ಕಲ್ಲು ಹಾಕೋಕೆ ಒಪ್ಪಿಗೆ ಸಿಕ್ತು.

ಕನ್ನಡದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬೋರ್ಡಿನ ಮೇಲೆ, ಬ್ಯಾಂಕಿನ ಚಲನ್ ಮೇಲೆ ನಮ್ಮ ಅಕ್ಷರ ಇಲ್ದೇ ಇದ್ದಾಗ ಹೊಟ್ಟೇಲಿ ಏನಾಗುತ್ತೆ ಅಂತ ನಮಗೆ ಗೊತ್ತು, ಪಾವಗಡದ ಥರ ಮೂರು ಕಡೆ ಆಂಧ್ರ ಇರೋ ತಾಲೂಕಿನೋರಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಫಾಂಟೇನ್ಸ್ ಆ ಐದು ಪದವನ್ನ ಹಿಂದಿನ ದನಿಗಳ ಕೈಲಿ ಚರ್ಚಿನ ಪ್ರಾರ್ಥನೆ ಥರ ಮತ್ತೆ ಮತ್ತೆ ಹೇಳಿಸಿದ್ರು, ಮೆಲ್ಲಗೆ, ಡ್ರಮ್ಸ್ ಬರೋಕೆ ಸುಮಾರು ಹೊತ್ತು ಕಾಯಿಸಿ. ಗಮನಿಸಿ, ಇದು ಡಬ್ಲಿನ್‌ನಲ್ಲಿದ್ದಾಗ ಬರೋ ಹಾಡೇ ಅಲ್ಲ. ಡಬ್ಲಿನ್‌ನಲ್ಲಿ ಇರೋವರೆಗೆ ಅವರು ಡಬ್ಲಿನ್ನಿನೋರು, ಲಂಡನ್ನಿಗೆ ಹೋದ ಮೇಲೆ ಐರಿಷ್‌ನೋರಾದ್ರು. ತುಮಕೂರಲ್ಲಿ ನಾನು ಕ್ಯಾತ್ಸಂದ್ರದೋನು, ಬೆಂಗಳೂರಲ್ಲಿ ತುಮಕೂರಿನೋನು, ಡೆಲ್ಲಿಗೆ ಹೋದ್ರೆ ಕನ್ನಡದೋನು. ದೂರ ಹೋದಷ್ಟೂ ಊರು ದೊಡ್ಡದಾಗ್ತಾ ಹೋಗುತ್ತೆ, ಅದರ ಜೊತೆಗೆ ಬೀದಿ ಹೆಸರುಗಳು ಉದುರಿ ಹೋಗ್ತವೆ. ಅದೇ ಆಲ್ಬಂನಲ್ಲಿ ಬರೀ ಒಂದು ಅಕಾರ್ಡಿಯನ್ನು ಒಂದು ದನಿ ಇಟ್ಟು ಮಾಡಿದ ಹಾಡೂ ಇದೆ, ಎದುರು ಮನೆ ಗಂಡ ಹೆಂಡ್ತಿ ಜಗಳ ಆಡೋದನ್ನ ಕಿಟಕೀಲಿ ನೋಡ್ತಾ ಇರೋನ ಹಾಡು. ರಾಕ್ ಬ್ಯಾಂಡಿನ ಮೂರನೇ ಆಲ್ಬಂನಲ್ಲಿ ಗಿಟಾರೂ ಇಲ್ಲದ, ಡ್ರಮ್ಸೂ ಇಲ್ಲದ ಹಾಡು. ಆ ಆಲ್ಬಂ ಬ್ರಿಟನ್ ಚಾರ್ಟಿನಲ್ಲಿ 1ನೇ ಸ್ಥಾನಕ್ಕೆ ಹೋಯ್ತು.

ಈಗ ರೊಮ್ಯಾನ್ಸ್‌ಗೆ ಬರೋಣ. 2024ರ ಆಗಸ್ಟ್ 23ಕ್ಕೆ ಬಂದಿದ್ದು, ಮತ್ತೆ 11 ಹಾಡು, 37 ನಿಮಿಷದ ಆಸುಪಾಸು. ಲೇಬಲ್ ಬದಲಾಯ್ತು, ಪಾರ್ಟಿಸನ್ ಬಿಟ್ಟು ಎಕ್ಸ್ಎಲ್‌ಗೆ ಬಂದ್ರು. ಪ್ರೊಡ್ಯೂಸರ್ ಬದಲಾದ, ಡ್ಯಾನ್ ಕೇರಿ ಜಾಗಕ್ಕೆ ಜೇಮ್ಸ್ ಫೋರ್ಡ್ ಬಂದ. ಈ ಫೋರ್ಡು ಸಿಮಿಯನ್ ಮೊಬೈಲ್ ಡಿಸ್ಕೋ ಅನ್ನೋ ಎಲೆಕ್ಟ್ರಾನಿಕ್ ಜೋಡಿಯಲ್ಲಿ ಒಬ್ಬ, ಆರ್ಕ್ಟಿಕ್ ಮಂಕೀಸ್ ಅನ್ನೋ ದೊಡ್ಡ ಬ್ರಿಟಿಷ್ ರಾಕ್ ಬ್ಯಾಂಡ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದೋನು, 2023 ಒಂದೇ ವರ್ಷದಲ್ಲಿ ಡಿಪೆಶ್ ಮೋಡ್, ಬ್ಲರ್ ಅನ್ನೋ ಇನ್ನೆರಡು ಬ್ರಿಟಿಷ್ ಬ್ಯಾಂಡ್‌ಗಳಿಗೂ ಆಲ್ಬಂ ಮಾಡ್ಕೊಟ್ಟೋನು. ಕೇರಿಗೂ ಫೋರ್ಡ್‌ಗೂ ವ್ಯತ್ಯಾಸ ನನಗೆ ಕಿವೀಲಿ ಕೇಳ್ಸೋದು ಹಿಂಗೆ: ಕೇರಿ ಐದು ಜನ ಇರೋ ರೂಮನ್ನ ಕೊಡ್ತಾನೆ, ಫೋರ್ಡ್ ಪ್ರತಿ ಹಾಡಿಗೂ ಬೇರೆ ಬೇರೆ ಮನೆ ಕಟ್ಟಿಕೊಡ್ತಾನೆ. ಒಂದು ಹಾಡಲ್ಲಿ ವಯಲಿನ್ ಗುಂಪು ಹಿಂದಿಂದ ಹಬ್ಬುತ್ತೆ, ಇನ್ನೊಂದರಲ್ಲಿ ಅಕೂಸ್ಟಿಕ್ ಗಿಟಾರ್ ಮುಂದಿರುತ್ತೆ, ಮತ್ತೊಂದರಲ್ಲಿ ಬೇಸು ಹರಿದುಹೋದ ಸ್ಪೀಕರ್ ಥರ ಕರಕರ ಅನ್ನುತ್ತೆ. ಒಂದೇ ಮೈಕಿನ ಭಜನೆ ಬಿಟ್ಟು ಸಿನಿಮಾ ಹಾಡಿನ ಥರ ಪದರ ಪದರವಾಗಿ ಮಾಡೋ ಕೆಲಸ.

ಸ್ಪೀಡು ಯಾಕೆ ಕಮ್ಮಿ ಆಯ್ತು, ಜಾಗ ಯಾಕೆ ಜಾಸ್ತಿ ಆಯ್ತು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ, ಇದನ್ನ ವಿಮರ್ಶೆ ಬರೆಯೋರು ಅಷ್ಟಾಗಿ ಹೇಳಲ್ಲ. 2023ರಲ್ಲಿ ಇವರು ಆರ್ಕ್ಟಿಕ್ ಮಂಕೀಸ್ ಜೊತೆ ಅಮೆರಿಕ, ಮೆಕ್ಸಿಕೋ ಸುತ್ತಿದ್ರು, ಎಲ್ಲಾ ಭಾರೀ ಜಾಗಗಳು. ಪಬ್ಬಿನಲ್ಲಿ ಬಿರುಸಾಗಿ ನುಡಿಸಿದ್ದು ಅಲ್ಲಿ ನಡಿಯಲ್ಲ. ನಮ್ಮ ಛತ್ರಗಳಲ್ಲಿ ರಿಸೆಪ್ಷನ್ ದಿನ ಆರ್ಕೆಸ್ಟ್ರಾ ಕೇಳಿದೋರಿಗೆಲ್ಲ ಇದು ಗೊತ್ತು, ಮೆಲೊಡಿ ಹಾಡು ಹಾಡಿದಾಗ ಚಂದ ಕೇಳ್ಸುತ್ತೆ, ಫಾಸ್ಟ್ ಹಾಡು ಎತ್ಕೊಂಡ್ರೆ ಒಂದು ಪೆಟ್ಟಿನ ಪ್ರತಿಧ್ವನಿ ಮುಗಿಯೋದ್ರೊಳಗೆ ಇನ್ನೊಂದು ಪೆಟ್ಟು ಬಿದ್ದು ಎಲ್ಲಾ ಮುದ್ದೆ ಆಗುತ್ತೆ. ದೊಡ್ಡ ಜಾಗದಲ್ಲಿ ಪೆಟ್ಟು ಕಮ್ಮಿ ಇರಬೇಕು, ಪೆಟ್ಟಿನ ಮಧ್ಯೆ ಗಾಳಿ ಇರಬೇಕು. ಅಂಥ ಜಾಗಗಳಲ್ಲಿ ನಿಂತೋನ ಕೈ ತಾನಾಗೇ ನಿಧಾನ ಆಗುತ್ತೆ, ದುಡ್ಡಿಗೋಸ್ಕರ ಕೂತು ಹಾಕಿದ ಲೆಕ್ಕ ಅಂತ ನನಗೆ ಅನ್ಸಲ್ಲ. 2025ರ ಜುಲೈನಲ್ಲಿ ಲಂಡನ್ನಿನ ಫಿನ್ಸ್‌ಬರಿ ಪಾರ್ಕಲ್ಲಿ ಇವರದೇ ಮುಖ್ಯ ಶೋ ಆಯ್ತು, ಅಂಥ ಬಯಲಿಗೆ ಡಾಗರೆಲ್ ಸೌಂಡ್ ಮಾತ್ರ ಸಾಲಲ್ಲ.

ದನಿ ಇನ್ನೂ ದೊಡ್ಡ ಬದಲಾವಣೆ. ಮೊದಲ ಆಲ್ಬಂನಲ್ಲಿ ಚಾಟನ್ ಸ್ವರದ ಹತ್ರ ಹೆಚ್ಚು ಹೋಗ್ತಾನೇ ಇರಲಿಲ್ಲ, ಎರಡು ಮೂರು ಸ್ವರದೊಳಗೆ ಓಡಾಡ್ಕೊಂಡು ಮಾತಿನ ಬಲದಲ್ಲೇ ಗೆಲ್ತಿದ್ದ. 2023ರ ಜೂನಲ್ಲಿ ಅವನು ಒಬ್ಬನೇ ಒಂದು ಆಲ್ಬಂ ಮಾಡಿದ, ಬ್ಯಾಂಡಿನ ಅಬ್ಬರ ಇಲ್ದೇ, ಅಲ್ಲಿ ಹಾಡೋದನ್ನ ಕಲಿತ ಅಂತ ನನಗೆ ಅನ್ಸುತ್ತೆ. ರೊಮ್ಯಾನ್ಸ್‌ನಲ್ಲಿ ಡಿಸೈರ್, ಇನ್ ದಿ ಮಾಡರ್ನ್ ವರ್ಲ್ಡ್ ಕೇಳಿ, ಸ್ವರ ಎಳೀತಾನೆ, ಮೇಲಕ್ಕೆ ಹೋಗ್ತಾನೆ, ಅಲ್ಲೇ ನಿಲ್ತಾನೆ. ಮಾತಿನ ಒತ್ತು ಅಂದ್ರೆ ಸಿಟ್ಟು, ರಾಗ ಅಂದ್ರೆ ಒಪ್ಕೊಳ್ಳೋದು. ಹಿಂದೆ ಸಿಟ್ಟಲ್ಲಿ ಅಡಗಿಸಿಟ್ಟಿದ್ದ ಹೆದರಿಕೆ, ಆಸೆ ಎಲ್ಲ ಈಗ ಬಚ್ಚಿಡೋಕೆ ಜಾಗ ಇಲ್ದೇ ಹೊರಗೆ ಬಂದಿದೆ. ಆದ್ರೆ ಬಾಯಿ ಬದಲಾಗಿಲ್ಲ, ಎಷ್ಟೇ ಎಳೆದು ಹಾಡಿದ್ರೂ ಪದದ ಕೊನೆ ಬಂದಾಗ ಡಬ್ಲಿನ್ ಕೇಳ್ಸುತ್ತೆ. ಡ್ರಮ್ಸ್ ಗೆಳೆಯನಿಗೆ ನಾನು ತಿರುಗಿ ತಿರುಗಿ ಹೇಳೋದು ಇದನ್ನೇ, ಹೆಡ್‌ಫೋನ್ ಕೊಟ್ಟು ಕೂರಿಸಿ ಕೇಳಿಸಿದೀನಿ.

ಇನ್ನು ಆ ಉಸಿರು. ಇವರು ಈ ಆಲ್ಬಂ ಹೊತ್ತಲ್ಲಿ ಕಾರ್ನ್ ಥರದ ನ್ಯೂ ಮೆಟಲ್ ಬ್ಯಾಂಡ್‌ಗಳನ್ನ ಕೇಳ್ತಿದ್ವಿ ಅಂತ ಬಹಿರಂಗವಾಗೇ ಹೇಳಿದ್ರು. ನ್ಯೂ ಮೆಟಲ್ ಅಂದ್ರೆ 1990ರ ದಶಕದ ಅಮೆರಿಕದ್ದು, ಗಿಟಾರ್ ಶ್ರುತಿ ಇಳಿಸಿ ಭಾರ ಮಾಡಿ ಅದರ ಮೇಲೆ ರ್‍ಯಾಪ್ ಥರ ಮಾತು ಹಾಕೋದು, ಬಾಯಿಂದ ಬರೋ ವಿಚಿತ್ರ ಸದ್ದೆಲ್ಲ ಅದರಲ್ಲಿ ನಡೆಯುತ್ತೆ. ಇಂಡೀ, ಅಂದ್ರೆ ದೊಡ್ಡ ಕಂಪನಿಗಳ ಹೊರಗೆ ಬೆಳೆದ ರಾಕ್ ಕೇಳೋ ಡೀಸೆಂಟ್ ಜನ ಬಹಳ ವರ್ಷ ಮೂಗು ಮುರಿದ ಶೈಲಿ ಅದು, ಇವರು ಹೋಗಿ ಅದನ್ನೇ ಎತ್ಕೊಂಡು ಬಂದ್ರು, ಆ ಧೈರ್ಯ ನನಗೆ ಇಷ್ಟ. ಸಾಮಾನ್ಯವಾಗಿ ರೆಕಾರ್ಡಿಂಗಲ್ಲಿ ಎಂಜಿನಿಯರ್ ಮಾಡೋ ಮೊದಲ ಕೆಲಸಗಳಲ್ಲಿ ಹಾಡೋರ ಉಸಿರಿನ ಸದ್ದನ್ನ ತಗ್ಗಿಸೋದು ಅಥವಾ ಕತ್ತರಿಸೋದು ಒಂದು. ಸಿರಾ ಕಡೆ ಜುಂಜಪ್ಪನ ಪದ ಹೇಳೋವಾಗ ಗಣೆ ಊದ್ತಾರಲ್ಲ, ಆ ಉದ್ದನೆ ಬಿದಿರ ಕೊಳಲು, ಅದನ್ನ ಹತ್ರ ಕೂತು ಕೇಳಿದ್ರೆ ಸ್ವರದಷ್ಟೇ ಉಸಿರೂ ಕೇಳ್ಸುತ್ತೆ, ಊದೋರ ಎದೆ ಏರಿಳಿಯೋದು ಹಾಡಿನೊಳಗೇ ಇರುತ್ತೆ, ಅದನ್ನ ತೆಗೆದುಬಿಟ್ರೆ ಅದು ಗಣೆ ಆಗಲ್ಲ, ಬರೀ ಕೊಳಲಾಗುತ್ತೆ. ಫೋರ್ಡು ಕೂಡ ಇಲ್ಲಿ ಉಸಿರನ್ನ ಕತ್ತರಿಸದೇ ಪಲ್ಲವಿಯೊಳಗೇ ಇಟ್ಟ. ಪದರ ಪದರವಾಗಿ ನುಣುಪು ಮಾಡ್ತಾರೆ ಅಂತ ಬೈಸ್ಕೊಳ್ಳೋ ಆಲ್ಬಂನಲ್ಲೇ ಇಡೀ ಬ್ಯಾಂಡಿನ ಚರಿತ್ರೇಲಿ ಅತಿ ಒರಟಾದ, ಅತಿ ಮೈಗೆ ಹತ್ತಿರದ ಸದ್ದು ಇದೆ.

ಮತ್ತೊಂದು ವಿಷಯ, ಈ ಸಲ ಹಾಡುಗಳು ಕೈ ಬದಲಾಯಿಸಿವೆ. ಸನ್‌ಡೌನರ್ ಹಾಡಿರೋದು ಗಿಟಾರಿನ ಕರ್ಲಿ, ಮೋಡ ಕವಿದಂಗೆ ಇರೋ ಗಿಟಾರಿನ ಹಿಂದೆ ಅವನ ದನಿ ಅರ್ಧ ಮುಚ್ಚಿಹೋಗಿರುತ್ತೆ. ಹಾರ್ಸ್‌ನೆಸ್ ಅಂತ ಶುರುವಾಗೋ ಹಾಡಿನ ಸಾಹಿತ್ಯ ಓಕಾನೆಲ್‌ದು, ಶೀರ್ಷಿಕೆ ತಗೊಂಡಿದ್ದು ಜೇಮ್ಸ್ ಜಾಯ್ಸ್‌ನ ಯುಲಿಸಿಸ್‌ನಿಂದ. ಡಬ್ಲಿನ್ ಬಿಟ್ರು ಅಂತಾರಲ್ಲ, ಡಬ್ಲಿನ್ನಿನ ಒಂದೇ ದಿನವನ್ನ ಹಿಡಿದ ಕಾದಂಬರಿಯ ಒಂದು ತುಂಡನ್ನ ಜೇಬಲ್ಲಿ ಇಟ್ಕೊಂಡೇ ಹೋಗಿದಾರೆ.

ಜಾಗದ ಪ್ರಶ್ನೆಗೆ ಆಲ್ಬಂನ ಮೊದಲ ಹಾಡೇ ಉತ್ತರ ಕೊಡುತ್ತೆ. ರೊಮ್ಯಾನ್ಸ್ ಅನ್ನೋ ಅದೇ ಹೆಸರಿನ ಹಾಡು, ಕತ್ತಲೆ ಕತ್ತಲೆ, ನಿಧಾನ, ಬೇಸು ನೆಲ ಗುದ್ದಿದಂಗೆ. ಅದರ ಕೊನೇಲಿ ಒಂದು ಮಾತು ಬರುತ್ತೆ, ರೊಮ್ಯಾನ್ಸ್ ಅನ್ನೋದೇ ಒಂದು ಜಾಗ ಇರಬಹುದೇನೋ ಅನ್ನೋ ಅರ್ಥದ್ದು. ಮೊದಲ ಆಲ್ಬಂನಲ್ಲಿ ಜಾಗ ಅಂದ್ರೆ ಡಬ್ಲಿನ್ನಿನ ಬೀದಿ, ಮೂರನೇದ್ರಲ್ಲಿ ಅದು ಐರ್ಲೆಂಡ್ ಅನ್ನೋ ದೇಶ, ನಾಲ್ಕನೇದ್ರಲ್ಲಿ ತಲೆಯೊಳಗೆ ಕಟ್ಕೊಂಡ ಒಂದು ಕಲ್ಪನೆ, ಯಾವ ಊರಲ್ಲಿದ್ರೂ ಅಲ್ಲಿಗೆ ಹೋಗಿ ಕೂರಬಹುದು. ಅದಕ್ಕೇ ಕವರ್ ಮೇಲೆ ಈ ಸಲ ಊರೂ ಇಲ್ಲ, ಮನೇನೂ ಇಲ್ಲ, ಅಳ್ತಾ ಇರೋ ಒಂದು ಪ್ಲಾಸ್ಟಿಕ್ ಥರದ ಹೃದಯ ಇದೆ. ಬ್ಯಾಂಡಿನೋರು ಹಾಕೋ ಗಾಢ ಬಣ್ಣದ ಬಟ್ಟೆ, ಬಣ್ಣ ಹಾಕಿದ ಕೂದಲು ನೋಡಿ ತುಂಬಾ ಜನ ಉರ್ಕೊಂಡ್ರು. ನನಗೆ ಅದು ಸಹಜ ಅನ್ನಿಸ್ತು, ಕಲ್ಪನೆಯ ಊರಿಗೆ ಹೋಗೋನು ದಿನಾ ಹಾಕೋ ಬಟ್ಟೇಲಿ ಯಾಕೆ ಹೋಗಬೇಕು.

ಎಲ್ಲಾ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಡೆತ್ ಕಿಂಕ್ ಬೇರೆ ಬ್ಯಾಂಡ್‌ಗಳಿಂದ ಕೇಳಿದಂಗೇ ಇದೆ, ಅದಿಲ್ದೇ ಇದ್ರೂ ಆಲ್ಬಂಗೆ ನಷ್ಟ ಇರ್ತಿರಲಿಲ್ಲ. ಟಾಮ್ ಕಾಲ್ ಡ್ರಮ್ಸ್ ಕೆಲವು ಕಡೆ ಇಟ್ಟಿಗೆ ಜೋಡಿಸಿದಂಗೆ ಅಚ್ಚುಕಟ್ಟಾಗಿಬಿಟ್ಟಿದೆ, ಮೊದಲ ಆಲ್ಬಂನಲ್ಲಿ ಅವನು ಸ್ವಲ್ಪ ಮುಂದೆ ಓಡಿ ಮಿಕ್ಕಿದೋರು ಅವನನ್ನ ಅಟ್ಟಿಸ್ಕೊಂಡು ಹೋಗೋ ಮಜಾ ಇಲ್ಲ, ಈ ಮಾತಲ್ಲಿ ಗೆಳೆಯ ಹೇಳೋದು ನೂರಕ್ಕೆ ನೂರು ಸರಿ, ಡ್ರಮ್ಸ್ ನುಡಿಸೋನ ಕಿವಿಗೆ ಅದು ಮೊದಲು ಬೀಳುತ್ತೆ. ಡಾಗರೆಲ್‌ನ ಟ್ಯಾಕ್ಸಿ, ಮಳೆ, ಪಬ್ಬಿನ ವಿವರ ಇಲ್ದೇ ಇರೋದೂ ನಷ್ಟಾನೇ. ಒಂದು ಊರಿನ ಹೆಸರು ಹಾಡಲ್ಲಿ ಬಂದಾಗ ಎಲ್ಲೋ ದೂರದಲ್ಲಿರೋ ಕೇಳುಗನಿಗೂ ತನ್ನೂರು ನೆನಪಾಗುತ್ತೆ, ನನಗೆ ಅವರ ಮಳೆ ಕೇಳಿದಾಗ ಬಿ.ಎಚ್. ರೋಡಲ್ಲಿ ಅಂಗಡಿ ಶಟರ್ ಕೆಳಗೆ ಒದ್ದೆ ಆಗ್ತಾ ನಿಂತಿದ್ದು ನೆನಪಾಗ್ತಿತ್ತು. ಕಲ್ಪನೆಯ ಊರು ಆ ಕೆಲಸ ಮಾಡಲ್ಲ.

ಆದ್ರೆ ಮಾರ್ಕೆಟ್‌ಗೋಸ್ಕರ ಮಾರ್ಕೊಂಡ್ರು ಅನ್ನೋ ಮಾತನ್ನ ನಾನು ಒಪ್ಪಲ್ಲ. ಲೆಕ್ಕ ನೋಡಿ, ಬ್ರಿಟನ್ನಲ್ಲಿ 1ನೇ ಸ್ಥಾನಕ್ಕೆ ಹೋಗಿದ್ದು ಅಕಾರ್ಡಿಯನ್ ಹಾಡು, ಐರಿಷ್ ಪ್ರಾರ್ಥನೆ ಇದ್ದ ಮೂರನೇ ಆಲ್ಬಂ, ದೊಡ್ಡ ಸೌಂಡಿನ ರೊಮ್ಯಾನ್ಸ್ 2ರಲ್ಲಿ ನಿಂತಿತು. ಹಳೇ ದಾರೀಲೇ ಇದ್ದಿದ್ರೆ ಯಾರೂ ಕೇಳ್ತಿರಲಿಲ್ಲ, ಆರಾಮಾಗಿ ಇನ್ನೆರಡು ಡಾಗರೆಲ್ ಮಾಡಬಹುದಿತ್ತು. ಲಂಡನ್ನಲ್ಲಿ ಕೂತ್ಕೊಂಡು ಡಬ್ಲಿನ್ ಬೀದಿಯ ಹಾಡು ಬರೆದಿದ್ರೆ ಮಾತ್ರ ಅದು ವೇಷ ಆಗ್ತಿತ್ತು. ಆ ಬೀದಿ ಅವರಿಗೆ ಅಷ್ಟು ಚುರುಕಾಗಿ ಕಂಡಿದ್ದೇ ಆಗಷ್ಟೇ ಊರಿಗೆ ಬಂದಿದ್ದರಿಂದ, ಬಂದೋರ ಕಣ್ಣು ಹೊಸದಾಗಿತ್ತು. ಹೋದೋರ ಕಣ್ಣು ಬೇರೆ, ಅದಕ್ಕೆ ಬೇರೆ ಸೌಂಡೇ ಬೇಕು.

ನಮ್ಮ ಜಿಲ್ಲೇಲೇ ಇದರ ದೊಡ್ಡ ಉದಾಹರಣೆ ಇದೆ, ಗುಬ್ಬಿ ಕಂಪನಿ. 1884ರಲ್ಲಿ ಇಲ್ಲಿಂದ 20 ಕಿಲೋಮೀಟರ್ ದೂರದ ಗುಬ್ಬೀಲಿ ಶುರುವಾದ ನಾಟಕ ಮಂಡಳಿ. ಸಣ್ಣ ಊರಲ್ಲಿ ಆಡೋವರೆಗೆ ಒಂದು ಥರ ಇದ್ದಿದ್ದು ವೀರಣ್ಣನವರ ಕಾಲಕ್ಕೆ ದೊಡ್ಡ ದೊಡ್ಡ ಊರುಗಳಿಗೆ ಹೋದಂಗೆಲ್ಲ ಬೆಳೀತು, ವಿದ್ಯುತ್ ದೀಪ, ಟ್ರಿಕ್ ಸೀನು, ಕುರುಕ್ಷೇತ್ರ ನಾಟಕಕ್ಕೆ ಸ್ಟೇಜ್ ಮೇಲೆ ನಿಜವಾದ ಆನೆ ಕುದುರೆ. ಆಗ್ಲೂ ಇದು ಬರೀ ಅಬ್ಬರ ಅಂತ ಅಂದೋರು ಇದ್ದೇ ಇರ್ತಾರೆ. ಆದ್ರೆ ಆ ಅಬ್ಬರದ ಕಂಪನೀಲೇ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಥರದೋರು ತಯಾರಾದ್ರು, ಆನೆ ಬಂದಿದ್ದಕ್ಕೆ ಅವರ ಮಾತಿನ ಒತ್ತು ಕೆಡಲಿಲ್ಲ. ಸ್ಟೇಜ್ ಎಷ್ಟು ದೊಡ್ಡದು ಅನ್ನೋದು ಒಂದು ವಿಷಯ, ಬಾಯಿಂದ ಮಾತು ಹೆಂಗೆ ಹೊರಡುತ್ತೆ ಅನ್ನೋದು ಬೇರೇನೇ ವಿಷಯ, ಎರಡನ್ನೂ ಕಲಸಿಬಿಟ್ಟು ಜಗಳ ಆಡಬಾರದು.

ಇದೆಲ್ಲ ನನಗೆ ಇಷ್ಟೊಂದು ತಾಗೋಕೆ ಕಾರಣ ನಮ್ಮದೇ ಒಂದು ಹಾಡು. ತುಮಕೂರಿಗೂ ಬೆಂಗಳೂರಿಗೂ ಮಧ್ಯ ಇರೋದು 70 ಕಿಲೋಮೀಟರು, ನಾವು ನಾಲ್ಕು ಜನರಲ್ಲಿ ಮೂರು ಜನ ದಿನಾ ಓಡಾಡೋರು, ಹಾಡೂ ಅದರ ಮೇಲೇ, ಸಂಜೆ ಟ್ರೈನು ಹಿಡಿದು ವಾಪಸ್ ಬರೋನ ಮೇಲೆ. ಬರೆಯೋವಾಗ ಪಲ್ಲವೀಲಿ "ಬತ್ತೀನಿ" ಅಂತಿತ್ತು, ಯಾಕಂದ್ರೆ ಡ್ರಮ್ಸ್ ಗೆಳೆಯ ಕೊರಟಗೆರೆ ಕಡೆಯೋನು, ಅವನ ಬಾಯಲ್ಲಿ ಬರೋದೇ ಹಂಗೆ, ಸಾಲು ಕೊಟ್ಟಿದ್ದೂ ಅವನೇ. ಬೆಂಗಳೂರಲ್ಲಿ ಒಂದು ಸಣ್ಣ ಸ್ಟುಡಿಯೋಗೆ ಹೋದಾಗ ಮೈಕ್ ಮುಂದೆ ನಿಂತ ತಕ್ಷಣ ನನ್ನ ಬಾಯಿ ತಾನಾಗೇ "ಬರ್ತೀನಿ" ಅಂತು. ಯಾರೂ ಹೇಳಲಿಲ್ಲ, ಗ್ಲಾಸಿನ ಆ ಕಡೆ ಕೂತಿದ್ದ ಎಂಜಿನಿಯರ್ ಮುಖ ನೋಡಿ ನಾನೇ ತಿದ್ಕೊಂಡೆ. ವಾಪಸ್ ಬರೋವಾಗ ದೊಡ್ಡಬೆಲೆ ದಾಟೋ ತನಕ ಗೆಳೆಯ ಮಾತಾಡಲಿಲ್ಲ, ಆಮೇಲೆ "ನನ್ನ ಸಾಲು ಅದಲ್ಲ" ಅಂತ ಅಷ್ಟೇ ಹೇಳ್ದ.

ಡ್ರಮ್ಸನ್ನ ನಿಧಾನ ಮಾಡೋಣ, ಹಿಂದೆ ಕೀಬೋರ್ಡ್ ಹಾಕೋಣ, ಗಿಟಾರ್ ಬೇಕಾದ್ರೆ ತೆಗೆದೇ ಬಿಡೋಣ ಅಂತ ನಾನು ಹೇಳಿದ್ದಕ್ಕೆಲ್ಲ ಅವನು ಹೋದ ತಿಂಗಳು ಒಂದೊಂದಾಗಿ ಹೂಂ ಅಂದಿದಾನೆ. ಈ ಭಾನುವಾರ ರೂಮಲ್ಲೇ ಮತ್ತೆ ರೆಕಾರ್ಡ್ ಮಾಡಿದ್ವಿ, ಪಲ್ಲವಿ ಅವನೇ ಹಾಡ್ದ, ಡ್ರಮ್ಸ್ ನುಡಿಸ್ತಾ ನುಡಿಸ್ತಾನೇ, "ಬತ್ತೀನಿ" ಅನ್ನೋಕೆ ಮುಂಚೆ ಅವನು ಉಸಿರೆಳ್ಕೊಳ್ಳೋದು ಸಿಂಬಲ್ ಸದ್ದಿನ ಕೆಳಗೆ ಸಣ್ಣದಾಗಿ ಕೇಳ್ಸುತ್ತೆ, ಅದನ್ನ ಕತ್ತರಿಸಿಲ್ಲ.